ತೊಗಲು ಮುಟ್ಟದ ಚಾತುರ್ಮಾಸ

ಆಗಿನ ಮಾತೇ ಬೇರೆ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇದ್ದಾಗ ಮಂದಿ ಸುಖವಾಗಿ ಮಲಗುತ್ತಿದ್ದರು, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಕೂರುತ್ತಿದ್ದರು. ಮಳೆಗಾಲದಲ್ಲಿ ಗೋಡೆಗಂಟಿದ ಹತ್ತಿಯ ಧೂಳು ಹಸಿಯಾಗಿ ಒಂದು ನಮೂನೆ ಹಳೇ ಹಾಸಿಗೆಯ ವಾಸನೆ ಬರುತ್ತಿತ್ತು. ಫೋನು ಎಂದರೆ ಅಪ್ಪನ ಮಗ್ಗದ ಶೆಡ್ಡಿನಲ್ಲಿದ್ದ ಒಂದೇ ಒಂದು. ಅದರಲ್ಲಿ ಗಂಟಲು ಹರಿಯುವ ಹಾಗೆ ಒದರಿದರೂ ಆ ಕಡೆಯವರಿಗೆ ಖಟಖಟ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಆ ಊರಲ್ಲಿ ಬೆಳೆದಿದ್ದರೆ ಈಗಲೂ ಮೆಲ್ಲಗೆ ಮಾತಾಡಲಿಕ್ಕೆ ನಿಮಗೆ ಬರುವುದಿಲ್ಲ. ನನಗಂತೂ ಬರುವುದಿಲ್ಲ. ಆಫೀಸಿನಲ್ಲಿ ದಿನಾ ಬೈಸಿಕೊಳ್ಳುತ್ತೇನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಅವ್ವ ಪಂಚಮಿಗೆಂದು ಗಡಹಿಂಗ್ಲಜದ ತವರಿಗೆ ಹೋದಳು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆ ವಾಡಿಕೆ. ಎರಡು ದಿನದ ಮಾತು, ಸಾಲಿ ಯಾಕೆ ತಪ್ಪಿಸಬೇಕು ಎಂದು ನನ್ನನ್ನು ಬಿಟ್ಟುಹೋದಳು. ಜೋಕಾಲಿಯ ಹಗ್ಗ ಬಿಚ್ಚಿದರು, ಡಬ್ಬಿಯ ಉಂಡಿಗಳು ಮುಗಿದವು, ಓಣಿಯ ಸೊಸೆಯಂದಿರೆಲ್ಲ ಹೊಸ ಬಳೆ ತೊಟ್ಟು ತಿರುಗಿ ಬಂದರು. ಅವ್ವ ಬರಲಿಲ್ಲ.

ಕಾರಣವನ್ನು ನನಗೆ ಯಾರೂ ಹೇಳಲಿಲ್ಲ. ಆದರೆ ನಾನೇನು ಕಿವುಡಿಯೇ? ಅವ್ವನಿಗೆ ಬಾಲವಾಡಿಯಲ್ಲಿ ಕಲಿಸಲು ಕರೆದಿದ್ದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಬೇಡವೇ ಬೇಡ ಎಂದಿದ್ದಳು. "ಸೊಸಿ ಹೊರಗ ಹ್ವಾದ್ರ ಮನ್ಯಾಗ ನೀರ ಗಾಳಸವ್ರ ಯಾರು?" ಎಂದು ಕೇಳಿದ್ದಳು. ನೀರಿನಲ್ಲಿನ ಜೀವ ಸಾಯಬಾರದೆಂದು ದಿನಾ ಬಟ್ಟೆಯಲ್ಲಿ ನೀರು ಸೋಸುವುದು ನಮ್ಮ ಮನೆಯಲ್ಲಿ ಸೊಸೆಯ ಕೆಲಸ. ಅವ್ವ ಮೊದಲ ಸಲ ತಿರುಗಿ ಮಾತಾಡಿದ್ದಳು. ಅಪ್ಪ ಇಬ್ಬರಿಗೂ ಹೂಂ ಎಂದು ತಲೆಯಾಡಿಸಿ ಶೆಡ್ಡಿಗೆ ಹೋಗಿ ಕೂತಿದ್ದ. ನಮ್ಮಪ್ಪನ ಸ್ವಭಾವವೇ ಹಾಗೆ, ಎಲ್ಲಿ ಮಾತು ಕೇಳಿಸುವುದಿಲ್ಲವೋ ಅಲ್ಲಿ ಹೋಗಿ ಕೂರುವುದು.

"ಅವ್ವ ಯಾವಾಗ ಬರ್ತಾಳ?" ಎಂದು ಕೇಳಿದರೆ ಅಜ್ಜಿ "ಬರ್ತಾಳ" ಎನ್ನುತ್ತಿದ್ದಳು, ಅಪ್ಪ "ನೋಡೂಣು" ಎನ್ನುತ್ತಿದ್ದ. ಇಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ.

ನಾವು ಜೈನರು. ಮಳೆಗಾಲದ ಚಾತುರ್ಮಾಸದಲ್ಲಿ ಮುನಿ ಮಹಾರಾಜರು ಊರು ಬಿಟ್ಟು ಹೋಗದೆ ಒಂದೇ ಕಡೆ ನಿಲ್ಲುತ್ತಾರೆ. ಅವರ ಮುಂದೆ ಮಂದಿ ದೀಪಾವಳಿಯವರೆಗೆ ಒಂದೊಂದು ನೇಮ ಹಿಡಿಯುತ್ತಾರೆ. ಸಕ್ಕರೆ ಬಿಡುವವರು, ಸೊಪ್ಪು ಬಿಡುವವರು, ಒಪ್ಪೊತ್ತು ಉಣ್ಣುವವರು. ನಮ್ಮ ಅಜ್ಜಿಯದು ದೊಡ್ಡ ನೇಮ. ಚಾತುರ್ಮಾಸದಲ್ಲಿ ಆಕೆ ಊರ ಗಡಿ ದಾಟುತ್ತಿರಲಿಲ್ಲ. ಮಳೆಗಾಲದಲ್ಲಿ ನೆಲದ ತುಂಬ ಜೀವ ಹುಟ್ಟಿರುತ್ತವೆ, ನಾವು ತಿರುಗಾಡಿದಷ್ಟೂ ಸಾಯುತ್ತವೆ ಎಂದು. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಜಯಸಿಂಗಪುರದಲ್ಲಿ ಅವಳ ಬೆನ್ನಿಗೆ ಬಿದ್ದ ತಮ್ಮ ತೀರಿಕೊಂಡಾಗ ಕೂಡ ಹೋಗಲಿಲ್ಲ. ಎಷ್ಟೂ ದೂರವಲ್ಲ ಜಯಸಿಂಗಪುರ. ಬಸ್ತಿಯಲ್ಲಿ, ಅಂದರೆ ನಮ್ಮ ಬಸದಿಯಲ್ಲಿ, ಪ್ರವಚನದ ಹೊತ್ತಿಗೆ ಹೆಂಗಸರು ತಾವಾಗಿಯೇ ಅಜ್ಜಿಗೆ ಮುಂದಿನ ಸಾಲು ಬಿಟ್ಟುಕೊಡುತ್ತಿದ್ದರು.

ಅಜ್ಜಿ ಮತ್ತೆ ಮತ್ತೆ ಹೇಳುತ್ತಿದ್ದಳು, "ನೇಮಕ್ಕ ಭಾಳ ಶಕ್ತಿ ಐತಿ ರೂಪಿ." ಆ ಮಾತು ನನ್ನ ತಲೆಯಲ್ಲಿ ಬೇರೆಯೇ ಗಣಿತ ಹಾಕಿತು. ಒಂದು ಭಾನುವಾರ ಹುಡುಗರೆಲ್ಲ ಸಾಲು ನಿಂತು ಚಾಕಲೇಟು ಬಿಡುತ್ತೇನೆ, ಟೀವಿ ಬಿಡುತ್ತೇನೆ ಎನ್ನುತ್ತಿದ್ದಾಗ ನನ್ನ ಸರದಿ ಬಂತು.

"ಏನ ಬಿಡ್ತಿ ಬಾಳಾ?" ಎಂದರು ಮಹಾರಾಜರು.

"ತೊಗಲ ಮುಟ್ಟಂಗಿಲ್ಲರಿ" ಎಂದೆ. ಹಿಂದಿನ ದಿನದ ಪ್ರವಚನದಲ್ಲಿ ತೊಗಲಿನ ವಿಷಯ ಬಂದಿತ್ತು, ಅಷ್ಟೆ.

ಹೆಂಗಸರೆಲ್ಲ ಅಯ್ಯೋ ಎಷ್ಟು ಶಾಣ್ಯಾ ಹುಡುಗಿ ಎಂದು ಲಟಿಗೆ ಮುರಿದರು. ಅಜ್ಜಿಯ ಕಣ್ಣಲ್ಲಿ ನೀರು. ಮನಸ್ಸಿನಲ್ಲಿ ನಾನು ಮಾಡಿಕೊಂಡ ಕರಾರು ಅವರಾರಿಗೂ ಗೊತ್ತಿರಲಿಲ್ಲ. ದೀಪಾವಳಿಯ ತನಕ ನಾನು ತೊಗಲು ಮುಟ್ಟದೇ ಇದ್ದರೆ ಅವ್ವ ಬರುತ್ತಾಳೆ. ಮುಟ್ಟಿದರೆ ಬರುವುದಿಲ್ಲ. ಇಷ್ಟೇ. ಯಾರಿಗೂ ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ ಎಂದು ನಾನೇ ಇನ್ನೊಂದು ಕಾಯಿದೆ ಸೇರಿಸಿಕೊಂಡೆ.

ಕೊಲ್ಲಾಪುರ ಜಿಲ್ಲೆಯಲ್ಲಿ ಇದ್ದುಕೊಂಡು ತೊಗಲು ಮುಟ್ಟುವುದಿಲ್ಲ ಎನ್ನುವುದು ಸುಮ್ಮನೆ ಅಲ್ಲ ಮತ್ತೆ. ಎಲ್ಲರ ಮನೆಯ ಬಾಗಿಲಲ್ಲೂ ಕೊಲ್ಲಾಪುರಿ ಚಪ್ಪಲಿ. ನಾನು ಹೊಸ್ತಿಲ ಹತ್ತಿರ ಕುಣಿಯುತ್ತ ಹೋಗಬೇಕಾಗುತ್ತಿತ್ತು. ರಿಕ್ಷಾದವನಿಗೆ "ಸೀಟ ರೆಕ್ಸಿನ್ನೋ ತೊಗಲೋ?" ಎಂದು ಕೇಳಿ ಬೈಸಿಕೊಂಡೆ. ಅಪ್ಪನ ಮಗ್ಗಗಳಲ್ಲಿ ಲಾಳಿಗೆ ಏಟು ಕೊಡುವ ಪಟ್ಟಿ ತೊಗಲಿನದು ಎಂದು ತಿಳಿದ ಮೇಲೆ ಶೆಡ್ಡಿಗೆ ಹೋಗುವುದನ್ನೂ ಬಿಟ್ಟೆ. ಅವ್ವ ಇರಲಿಲ್ಲ, ಈಗ ಅಪ್ಪನೂ ದೂರವಾದ. ಸಾಲಿಯಿಂದ ಬಂದು ಅಂಗಳದ ಕಟ್ಟೆಯ ಮೇಲೆ ಒಬ್ಬಳೇ ಕೂತು ಗಜ್ಜುಗ ಆಡುತ್ತಿದ್ದೆ. ಎಡಗೈ ಒಬ್ಬಳು, ಬಲಗೈ ಒಬ್ಬಳು. ಬಲಗೈಯೇ ಗೆಲ್ಲುತ್ತಿತ್ತು.

ಸಾಲಿಯಲ್ಲಿ ಇದ್ದ ಗೆಳತಿ ಎಂದರೆ ಶೈಲಾ ಒಬ್ಬಳೇ. ನೂಲ ಎಂಬ ಊರಿನ ಕಡೆಯ ಲಿಂಗಾಯತರು, ಇಚಲಕರಂಜಿಯಲ್ಲಿ ಕಿರಾಣಿ ಅಂಗಡಿ. ಮರಾಠಿ ಸಾಲಿಯ ಆ ವರ್ಗದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕಲಿಸುವ ಬಾಯಾರು ಹೊರಗೆ ಹೋದರೆ ಸಾಕು, ಇಬ್ಬರೂ ಬೆಂಚಿನ ಮೇಲೆ ಢೋಲು ಬಾರಿಸುತ್ತಿದ್ದೆವು. ಅವಳು ಢಂ ಎಂದರೆ ನಾನು ಕಿಟಿಕಿಟಿ. ಬೆಂಚು ಕಟ್ಟಿಗೆಯದು, ನೇಮಕ್ಕೆ ಅಡ್ಡಿಯಿರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಸಾಲಿಯಿಂದ ಕೊಲ್ಲಾಪುರಕ್ಕೆ ಸಹಲು, ಅಂದರೆ ಪ್ರವಾಸ, ಹೊರಟಿತು. ಬಸ್ಸು ಸಿಕ್ಕಿದ್ದು ಭಾನುವಾರಕ್ಕೆ. ಮಹಾಲಕ್ಷ್ಮಿ ಗುಡಿ, ನ್ಯೂ ಪ್ಯಾಲೇಸ್, ವಾದ್ಯಗಳ ಮ್ಯೂಸಿಯಂ, ಆಮೇಲೆ ರಂಕಾಳ ಕೆರೆ. ಅಜ್ಜಿ ಚಪಾತಿ, ಶೇಂಗಾ ಚಟ್ನಿ ಕಟ್ಟಿ, ಗಾಳಿಸಿದ ನೀರು ತುಂಬಿ, "ಹೊತ್ತ ಮುಣಗೂದ್ರಾಗ ಬಾ" ಎಂದಳು. ಮ್ಯೂಸಿಯಂ ಎಂದರೆ ಎಲ್ಲ ಗಾಜಿನೊಳಗೆ ಇರುತ್ತದೆ ಎಂದುಕೊಂಡಿದ್ದ ನಾನು ವಾದ್ಯದ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಕೊಲ್ಲಾಪುರದ ಸ್ಟ್ಯಾಂಡಿನ ಹತ್ತಿರ ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಪಕ್ಕದಲ್ಲಿ ಗಡಹಿಂಗ್ಲಜದ ಬೋರ್ಡು ಹಾಕಿದ ಕೆಂಪು ಬಸ್ಸು. ಅದರ ಕಿಟಕಿಗಳಲ್ಲಿ ಕಂಡ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದೆ. ಶೈಲಾ "ಏನ ನೋಡಾಕತ್ತಿ?" ಎಂದಳು. "ಏನಿಲ್ಲ" ಎಂದೆ.

ಮ್ಯೂಸಿಯಂ ಎಂದರೆ ಒಂದು ಹಳೆಯ ವಾಡೆ. ಕಾಕಾ ಎಂದು ಎಲ್ಲರೂ ಕರೆಯುವ ಒಬ್ಬ ಮುದುಕರು ಜೀವಮಾನವೆಲ್ಲ ಊರೂರು ಅಲೆದು ಕೂಡಿಸಿದ ಚರ್ಮವಾದ್ಯಗಳು ಅಲ್ಲಿದ್ದವು. ಗಾಜು ಎಲ್ಲಿಯೂ ಇಲ್ಲ! ಪಡಸಾಲೆಯ ತುಂಬ ಚಾಪೆ, ಚಾಪೆಯ ಮೇಲೆ ಢೋಲು, ತಾಶೆ, ಹಲಗಿ, ಸಂಬಳ, ದಿಮಡಿ, ಪಖವಾಜು, ಮೂಲೆಯಲ್ಲಿ ನನಗಿಂತ ಎತ್ತರದ ನಗಾರಿ. ಗೋಡೆಯ ಮೇಲೆ ಮರಾಠಿಯಲ್ಲಿ ದೊಡ್ಡದಾಗಿ "ಹಾತ ಲಾವಾ, ವಾಜವಾ" ಎಂದು ಬರೆದಿತ್ತು. ಮುಟ್ಟಿ, ಬಾರಿಸಿ ಎಂದು ಅರ್ಥ. ಬಾಗಿಲು ದಾಟುತ್ತಲೇ ಮೂಗಿಗೆ ಬಡಿದದ್ದು ತೊಗಲಿನ ವಾಸನೆ.

ಕಾಕಾ ಒಂದೊಂದನ್ನೇ ಎತ್ತಿ ಪ್ರೀತಿಯಿಂದ ಹೇಳಿದರು. ಇದು ಆಡಿನದು, ಇದು ಎಮ್ಮೆಯದು, ಇದು ಕರುವಿನದು, ಹದ ಮಾಡುವಾಗ ಹೀಗೆ ಎಳೆಯಬೇಕು, ಬಿಸಿಲಿಗೆ ಹೀಗೆ ಇಡಬೇಕು. ಪಾಪ, ಅವರ ತಪ್ಪೇನು? ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ಬೆರಳಿಗೆ ಬೆರಳು ಹೆಣೆದು ನಿಂತೆ. ಚಾಪೆಯ ಅಂಚಿಗೂ ಕಾಲು ತಾಗಿಸಲಿಲ್ಲ.

"ಹೂಂ, ವಾಜವಾ!" ಎಂದರು ಕಾಕಾ.

ಅಬ್ಬಬ್ಬಾ! ಇಡೀ ವರ್ಗ ಮೈಮೇಲೆ ದೇವರು ಬಂದವರ ಹಾಗೆ ವಾದ್ಯಗಳ ಮೇಲೆ ಬಿತ್ತು. ಮಾಳಿಗೆಯ ಮಣ್ಣು ಉದುರಿತು. ಶೈಲಾ ಒಂದು ದೊಡ್ಡ ಢೋಲಿನ ಮುಂದೆ ಕೂತು, ಅದರ ಇನ್ನೊಂದು ಬದಿ ತೋರಿಸಿ, "ರೂಪಾ, ಲಗೂ ಬಾ! ಆ ಕಡೆ ನೀ!" ಎಂದು ಕೂಗಿದಳು. ನಾನು ಗೋಣು ಅಲ್ಲಾಡಿಸಿದೆ. "ಬಾರs ಅಂದ್ರ! ಬೆಂಚಿನ ಮ್ಯಾಲೆ ಬಾರಸ್ತಿದ್ದಿ, ಇಲ್ಲಿ ಏನಾತು?" ಮತ್ತೆ ಅಲ್ಲಾಡಿಸಿದೆ. ಅವಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಬೇರೊಬ್ಬಳು ಬಂದು ಆ ಬದಿ ಹಿಡಿದಳು. ಇಬ್ಬರೂ ಬಾರಿಸತೊಡಗಿದರು. ಅದು ನಮ್ಮದೇ ಢಂ, ನಮ್ಮದೇ ಕಿಟಿಕಿಟಿ. ನನಗೆ ಹೊಟ್ಟೆ ಉರಿಯಿತು ಎಂದು ಈಗ ಹೇಳಲಿಕ್ಕೆ ನಾಚಿಕೆಯಿಲ್ಲ. ಬೆರಳುಗಳು ಬೆನ್ನ ಹಿಂದೆಯೇ ತಾಳ ಹಾಕುತ್ತಿದ್ದವು, ನಾನೇ ಗಟ್ಟಿಯಾಗಿ ಹಿಡಿದು ನಿಲ್ಲಿಸಿದೆ.

ನಮ್ಮ ಬಾಯಾರು ಒಳ್ಳೆಯವರು. ಒಂದು ಹುಡುಗಿ ಒಂಟಿಯಾಗಿ ನಿಂತದ್ದು ಕಂಡು ಅವರ ಕರುಳಿಗೆ ತಡೆಯಲಾಗಲಿಲ್ಲ. ಸಂಕೋಚ ಎಂದುಕೊಂಡರು. "ಅಗಂ, ಲಾವ ಕೀ ಹಾತ! ಚಾವಣಾರ ಆಹೇ ಕಾ?" ಕೈ ಇಡೇ, ಅದೇನು ಕಚ್ಚುತ್ತದೆಯೇ ಎಂದು ನಗುತ್ತ, ನನ್ನ ಮುಂಗೈ ಹಿಡಿದು ಹತ್ತಿರದ ಹಲಗಿಯ ಮೇಲೆ ಇಡಲು ಎಳೆದರು. ಬೆರಳಿಗೂ ತೊಗಲಿಗೂ ನಡುವೆ ಒಂದು ಎಳೆ ದಾರ ಹಾಯುವಷ್ಟು ಜಾಗ ಉಳಿದಿತ್ತು. ನಾನು ಕಿಟಾರನೆ ಕಿರುಚಿದೆ.

"ಬ್ಯಾಡರೀ! ನಮ್ಮವ್ವ ಬರೂದಿಲ್ಲ ಆಮ್ಯಾಲೆ!"

ಪಡಸಾಲೆಯ ಸದ್ದೆಲ್ಲ ಒಮ್ಮೆಲೇ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ಕನ್ನಡದಲ್ಲಿ ಕೂಗಿದ್ದೆ, ವರ್ಗದಲ್ಲಿ ಶೈಲಾ ಬಿಟ್ಟರೆ ಯಾರಿಗೂ ಏನೂ ತಿಳಿಯಲಿಲ್ಲ. ಬಾಯಾರು ಗಾಬರಿಯಾಗಿ ಕೈಬಿಟ್ಟು, ಏನಂದಳು ಇವಳು ಎಂದು ಶೈಲಾಳ ಕಡೆ ತಿರುಗಿದರು. ಶೈಲಾ ಒಂದು ಗಳಿಗೆ ನನ್ನ ಮುಖ ನೋಡಿದಳು. ನಮ್ಮವ್ವ ಇನ್ನೂ ಬಂದಿಲ್ಲ ಎಂಬುದನ್ನು ಅವಳಿಗೂ ನಾನು ಹೇಳಿರಲಿಲ್ಲ. "ಬಾಈ, ತಿಚಾ ಹಾತ ದುಖತೋಯ" ಎಂದಳು. ಅವಳ ಕೈ ನೋಯುತ್ತಿದೆಯಂತೆ. ಅಷ್ಟು ಹೇಳಿ ಢೋಲಿನ ಕಡೆ ತಿರುಗಿದಳು. ಮತ್ತೆ ಗದ್ದಲ ಸುರುವಾಯಿತು.

ಕಾಕಾ ಮಾತ್ರ ನನ್ನ ಹತ್ತಿರ ಬಂದು ಕೆಳಗೆ ಕೂತು, ಕನ್ನಡದಲ್ಲಿಯೇ ಕೇಳಿದರು, "ನಮ್ಮವ್ವ ಸಂಕೇಶ್ವರದಾಕಿ. ನೀ ಅಂದದ್ದು ನನಗ ತಿಳೀತು. ಬಸ್ತಿಯವರ ಪೈಕಿ ಏನವಾ ನೀ?"

"ಹೌದ್ರಿ."

"ನೇಮಾ ಹಿಡದೀಯೇನು?"

ಬಾಯಿ ಬಿಟ್ಟರೆ ಅಳು ಬರುತ್ತದೆಂದು ಗೋಣಷ್ಟೇ ಹಾಕಿದೆ. ಅವರು ಒಳಗೆ ಹೋಗಿ ಒಂದು ಮಣ್ಣಿನ ಗಡಿಗೆ ತಂದು ನನ್ನ ತೊಡೆಯ ಮೇಲೆ ಇಟ್ಟರು. "ಇದಕ್ಕ ಘಟ ಅಂತಾರ. ಬರೇ ಮಣ್ಣು. ಬಾರಸು, ಯಾರ ನೇಮಾನೂ ಮುರಿಯೂದಿಲ್ಲ."

ಬಾರಿಸಿದೆ. ಸುತ್ತಲೂ ನಗಾರಿ, ತಾಶೆಗಳು ಕಿವಿ ಹರಿಯುತ್ತಿದ್ದವು. ನನ್ನ ಗಡಿಗೆಯ ಸದ್ದು ಯಾರಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಬೆರಳು ತಾಗಿದಾಗೆಲ್ಲ ಹೊಟ್ಟೆಯೊಳಗೆ ಒಂದು ಸಣ್ಣ ನಡುಕ ಮಾತ್ರ ಗೊತ್ತಾಗುತ್ತಿತ್ತು. ಅಷ್ಟು ಮಂದಿಯ ನಡುವೆ ಕೂತು ಅಷ್ಟು ಒಂಟಿ ಎಂದು ನನಗೆ ಮತ್ತೆಂದೂ ಅನ್ನಿಸಿಲ್ಲ. ಆದರೆ ಒಳಗೊಳಗೇ ಒಂದು ಜಂಬವೂ ಇತ್ತು. ಮುಟ್ಟಲಿಲ್ಲ ನೋಡು! ಇನ್ನು ಅವ್ವ ಬರಲೇಬೇಕು.

ರಂಕಾಳದಲ್ಲಿ ಭೇಳು ತಿಂದು, ನೀರು ಎರಚಾಡಿ, ಎಲ್ಲರನ್ನೂ ಕೂಡಿಸಿ ಹೊರಡುವಷ್ಟರಲ್ಲಿ ತಡವಾಯಿತು. ಇಚಲಕರಂಜಿ ಮುಟ್ಟಿದಾಗ ಹೊತ್ತು ಮುಳುಗಿ ದೀಪ ಹತ್ತಿದ್ದವು. ದಿನವೂ ಸೂರ್ಯನ ಮೇಲೆ ಒಂದು ಕಣ್ಣು, ದಾರಿಯ ಮೇಲೆ ಒಂದು ಕಣ್ಣು ಇಟ್ಟು ಬಾಗಿಲಲ್ಲಿ ಕಾಯುವ ಅಜ್ಜಿ ಅವತ್ತು ಬಾಗಿಲಲ್ಲಿ ಇರಲಿಲ್ಲ. ಒಳಗೆ ಕಾಲಿಟ್ಟರೆ ಮನೆಯ ತುಂಬ ಶೇಂಗಾ ಹೋಳಿಗೆಯ ವಾಸನೆ. ಏಲಕ್ಕಿ ಹೆಚ್ಚು ಬಿದ್ದ ವಾಸನೆ. ಹಾಗೆ ಏಲಕ್ಕಿ ಹಾಕುವವಳು ನಮ್ಮ ಮನೆಯಲ್ಲಿ ಒಬ್ಬಳೇ.

"ಅವ್ವಾ!" ಎಂದು ಅಡುಗೆಮನೆಗೆ ಓಡಿದೆ. ಅಜ್ಜಿ ಒಬ್ಬಳೇ ಕೂತಿದ್ದಳು.

"ಬಂದಿದ್ಳು. ಹ್ವಾದ್ಳು" ಎಂದಳು ಅಜ್ಜಿ. "ಆಯ್ತವಾರ ಸಾಲಿ ಇರೂದಿಲ್ಲ, ನೀ ಮನ್ಯಾಗ ಇರ್ತಿ ಅಂತ ಬಂದಿದ್ಳು. ಕಡೀ ಬಸ್ಸಿನ ತನಕಾ ದಾರಿ ನೋಡಿದ್ಳು."

"ಯಾಕ ನಿಂದರ್ಲಿಲ್ಲ?"

ಅಜ್ಜಿ ಸುಳ್ಳು ಹೇಳುವವಳಲ್ಲ. ಅದೂ ಅವಳ ನೇಮವೇ. "ನಾ ಇರು ಅನ್ನಲಿಲ್ಲ. ಆಕೀನೂ ಇರ್ತೇನಿ ಅನ್ನಲಿಲ್ಲ" ಎಂದಳು.

ಅಲ್ಲಿಯವರೆಗೆ ಹಿಡಿದಿಟ್ಟದ್ದೆಲ್ಲ ಕಟ್ಟೆ ಒಡೆಯಿತು. "ನಾ ಏನೂ ಮುಟ್ಟಿಲ್ಲ ಅಜ್ಜಿ! ಎಲ್ಲಾರೂ ಬಾರಿಸಿದ್ರು, ನಾ ಒಂದೂ ಮುಟ್ಟಿಲ್ಲ! ಬಾಯಾರು ಕೈ ಹಿಡದ ಎಳದ್ರೂ ಮುಟ್ಟಿಲ್ಲ! ಮತ್ತ ಅವ್ವ ಯಾಕ ಹ್ವಾದ್ಳು? ನೇಮಕ್ಕ ಶಕ್ತಿ ಐತಿ ಅಂದಿದ್ದೆಲ್ಲ ನೀ!"

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತಾನು ಬಸ್ತಿಯ ತುಂಬ ಹೊಗಳಿಕೊಂಡು ತಿರುಗಿದ ಮೊಮ್ಮಗಳ ನೇಮ ಯಾತಕ್ಕಾಗಿತ್ತು ಎಂದು ತಿಳಿದು ಅವಳ ಮುಖ ಹೇಗಾಯಿತೋ ಅದನ್ನು ನಾನು ಬರೆಯಲಾರೆ. ನೇಮವೆಂದರೆ ಏನನ್ನಾದರೂ ಬೇಡಿಕೊಳ್ಳುವುದಲ್ಲ ಎಂದು ಆಕೆ ಹೇಳಬಹುದಿತ್ತು, ಹೇಳಲಿಲ್ಲ. ಹೋಳಿಗೆಯ ತಾಟನ್ನು ನನ್ನ ಮುಂದೆ ಸರಿಸಿದಳು.

"ತಿನ್ನು. ನಿಮ್ಮವ್ವ ಮಾಡ್ಯಾಳ."

"ಹೊತ್ತ ಮುಣಗೇತಿ" ಎಂದೆ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಅದನ್ನು ಕಲಿಸಿದವಳೂ ಅಜ್ಜಿಯೇ.

"ಇರಲಿ, ತಿನ್ನು ರೂಪಿ" ಎಂದಳು. ನಾನು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಜಳಕ ಮಾಡಿ ಬಸ್ತಿಗೆ ಹೋಗಿ ಬಂದು, ಒಗೆದ ಬಿಳಿ ಸೀರೆ ಉಟ್ಟು, ಕೈಚೀಲ ಹಿಡಿದು, "ನಡಿ" ಎಂದಳು. ಸಾಲಿಯ ಕಡೆ ತಿರುಗಿದರೆ ತಡೆದಳು. ಸ್ಟ್ಯಾಂಡಿನ ಕಡೆ ಹೊರಟಳು. ಓಣಿಯ ತುದಿಯಲ್ಲಿ ಹಾಲು ಕೊಳ್ಳುತ್ತಿದ್ದ ಪಕ್ಕದ ಮನೆಯ ಕಾಕು ಕೇಳಿದಳು, "ಎಲ್ಲಿಗ್ರಿ ಅಜ್ಜಿ, ಇಷ್ಟ ಮುಂಜಾನೆದ್ದು?"

"ಗಡಿಂಗ್ಲಜಕ್ಕ."

"ಅಯ್ಯ! ಚಾತುರ್ಮಾಸ ಅಲ್ಲೇನ್ರಿ? ನಿಮ್ಮ ನೇಮಾ?"

"ಮುರೀತದ. ಮುರೀಲಿ" ಎಂದು ನಿಲ್ಲದೆ ನಡೆದಳು.

ಬಸ್ಸು ಊರಂಚಿನ ಜಕಾತಿ ನಾಕಾ ಹತ್ತಿರ ಬಂದಾಗ ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅದೇ ಅವಳ ಗಡಿ. ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ನಾಕಾ ದಾಟಿ, ಕಬ್ಬಿನ ಹೊಲಗಳು ಬಂದು, ಎಷ್ಟೋ ದೂರ ಹೋದ ಮೇಲೂ ಕಣ್ಣು ಬಿಡಲಿಲ್ಲ. ನನ್ನ ಬೆರಳು ನೋಯುತ್ತಿದ್ದವು, ಆದರೆ ಬಿಡು ಎಂದು ಹೇಳಲಿಲ್ಲ.

ಗಡಹಿಂಗ್ಲಜದ ಮನೆಯ ಬಾಗಿಲು ತೆಗೆದವಳು ಅವ್ವನೇ. ನನ್ನನ್ನು ನೋಡಿ ಕೈ ಚಾಚಿದಳು, ಹಿಂದೆ ನಿಂತ ಅಜ್ಜಿಯನ್ನು ನೋಡಿ ಹಾಗೆಯೇ ನಿಂತುಬಿಟ್ಟಳು. "ಅತ್ತಿ! ನಿಮ್ಮ ನೇಮಾ..."

"ನನ್ನ ನೇಮಾ ನಾ ನೋಡ್ಕೋತೇನಿ" ಎಂದಳು ಅಜ್ಜಿ. "ನೀರ ನಾನs ಗಾಳಸ್ತೇನಿ. ನೀ ಬಾಲವಾಡಿಗಿ ಹೋಗು. ಈ ಹುಡುಗಿ ಅಳೂದು ನನಗ ನೋಡಾಕ ಆಗವಲ್ದು. ನಡಿ ಮನಿಗಿ."

ಅವ್ವ ಅಂದೇ ಬಂದಳು. ನನ್ನ ಕತೆ ಅಲ್ಲಿಗೆ ಸುಖವಾಗಿ ಮುಗಿಯಿತು ಎನ್ನಬಹುದು. ಅಜ್ಜಿಯದು ಮುಗಿಯಲಿಲ್ಲ. ಆಕೆ ಮಹಾರಾಜರ ಮುಂದೆ ಹೋಗಿ ನೇಮ ಮುರಿದೆನೆಂದು ಹೇಳಿ ಪ್ರಾಯಶ್ಚಿತ್ತ ಕೇಳಿದಳು. ದೀಪಾವಳಿಯವರೆಗೆ ದಿನ ಬಿಟ್ಟು ದಿನ ಉಪವಾಸ ಮಾಡಿದಳು. ಯಾಕೆ ಮುರಿದೆ ಎಂಬುದನ್ನು ಮಾತ್ರ ಬಸ್ತಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವನ ಮಾತು ಬೀದಿಗೆ ಬರುತ್ತಿತ್ತು. ಹೆಂಗಸರು ಗುಸುಗುಸು ಮಾಡಿದರು, ತಮ್ಮ ಸತ್ತಾಗ ಹೋಗಲಿಲ್ಲ, ಈಗ ಹೋದಳು ನೋಡು ಎಂದರು. ಮುಂದಿನ ಸಾಲಿನ ಜಾಗ ಖಾಲಿಯೇ ಇದ್ದರೂ ಅಜ್ಜಿ ಅಲ್ಲಿಗೆ ಹೋಗಲಿಲ್ಲ. ಹಿಂದಿನ ಕಂಬಕ್ಕೆ ಒರಗಿ ಒಬ್ಬಳೇ ಕೂರುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತರೆ "ಇಲ್ಲ್ಯಾಕ, ಮುಂದ ಹೋಗು" ಎಂದು ಮೆಲ್ಲಗೆ ನೂಕುತ್ತಿದ್ದಳು. ನಾನು ಹೋಗುತ್ತಿದ್ದೆ. ಆ ವಯಸ್ಸಿಗೆ ಅಷ್ಟೇ ಬುದ್ಧಿ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವ್ವ ಬಾಲವಾಡಿಯ ಮಕ್ಕಳಿಗೆ ಕಲಿಸುತ್ತಲೇ ಮುದುಕಿಯಾಗುತ್ತಿದ್ದಾಳೆ. ನಾನು ಕೊಲ್ಲಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಇದ್ದೇನೆ. ರಾತ್ರಿ ಹತ್ತಕ್ಕೆ ಉಣ್ಣುತ್ತೇನೆ, ತೊಗಲಿನ ಚಪ್ಪಲಿ ಹಾಕುತ್ತೇನೆ, ಯಾವ ನೇಮವೂ ಇಲ್ಲ. ನನಗೆ ಬೇಕಾದವರೂ ಒಳ್ಳೆಯವರೇ. ಮೈಯಲ್ಲಿ ಆರಾಮಿಲ್ಲ ಎಂದರೆ ಫೋನು ಮಾಡುತ್ತಾರೆ, ರಜೆ ಇದ್ದರೆ ಬಂದು ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ. ಅದರಲ್ಲಿ ತಪ್ಪೇನಿದೆ, ನಾನೂ ಅವರಿಗೆ ಅಷ್ಟೇ ಮಾಡುತ್ತೇನೆ. ಆದರೆ ಕೆಲವು ಸಂಜೆ ಬಾಗಿಲು ತೆರೆದು ಒಳಗೆ ಬಂದು ದೀಪ ಹಾಕುವಾಗ ಆ ಮುದುಕಿ ಬೇಕು ಎನ್ನಿಸುತ್ತದೆ. ನನ್ನನ್ನು ಪ್ರೀತಿಸಿದವರು ಬೇರೆಯವರೂ ಇದ್ದಾರೆ. ಆದರೆ ಪಾಪವೆಂದು ಮನಸಾರೆ ನಂಬಿಕೊಂಡೇ ನನ್ನ ಸಲುವಾಗಿ ಆ ಪಾಪ ಮಾಡಿದವಳು ಅವಳೊಬ್ಬಳೇ.